ಕಡಲೆಕಾಯಿ ಎಣ್ಣೆಯಿಂದ ಹೊಂಗೆ ಎಣ್ಣೆಯವರೆಗೆ

ಸಸ್ಯತೈಲದಿಂದ ಡೀಸೆಲ್ ಇಂಜಿನ್ನನ್ನು ಓಡಿಸುವ ವಿಚಾರ ತೀರ ಹೊಸದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ವಾಸ್ತವವಾಗಿ ಅದು ಹೆಚ್ಚುಕಡಿಮೆ ಆ ಇಂಜಿನ್ನಿನಷ್ಟೇ ಹಳೆಯದು. ಆದರೆ ಅದು ಹುಟ್ಟಿದ್ದು ಹೊಗೆಯ ಭಯದಿಂದಲ್ಲ, ಇಂಧನದ ಚಿಂತೆಯಿಂದ.

ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು ಜರ್ಮನಿಯಲ್ಲಿ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಓಟ್ಟೊ ಕಂಪೆನಿಯವರು ಅಂಥದೇ ಸಣ್ಣ ಇಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿದರು. ಖನಿಜತೈಲಕ್ಕೆಂದು ಮಾಡಿದ ಇಂಜಿನ್ನು ಯಾವ ಬದಲಾವಣೆಯೂ ಇಲ್ಲದೆ ನಡೆದದ್ದರಿಂದ, ಸಂಗತಿ ಕೆಲವರ ಗಮನಕ್ಕೆ ಮಾತ್ರ ಬಂದಿತೆಂದು ಡೀಸೆಲ್ 1912ರಲ್ಲಿ ಬರೆದಿದ್ದಾನೆ. ಕಡಲೆಕಾಯಿ ಹೇರಳವಾಗಿದ್ದ ಆಫ್ರಿಕದ ವಸಾಹತುಗಳು ಹೊರಗಿನ ಇಂಧನಕ್ಕೆ ಕಾಯದಿರಲಿ ಎಂಬುದು ಫ್ರೆಂಚ್ ಸರ್ಕಾರದ ಲೆಕ್ಕಾಚಾರವಾಗಿತ್ತು.

ಹಸಿ ಎಣ್ಣೆ ಮಂದವಾದುದು. ಇಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಬ್ರಸೆಲ್ಸ್ ವಿಶ್ವವಿದ್ಯಾನಿಲಯದ ಶವಾನ್ ಎಂಬವರು ಎಣ್ಣೆಗೆ ಮದ್ಯಸಾರ ಸೇರಿಸಿ, ಗ್ಲಿಸರಿನ್ ಬೇರ್ಪಡಿಸಿ ಅದನ್ನು ತೆಳುವಾಗಿಸುವ ಕ್ರಮಕ್ಕೆ 1937ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ತಾಳೆಯೆಣ್ಣೆಯಿಂದ ಮಾಡಿದ ಆ ಇಂಧನದಲ್ಲಿ ಬ್ರಸೆಲ್ಸ್‌ನಿಂದ ಲೂವೇನ್‌ಗೆ ಬಸ್ಸು ಓಡಿತು. ಇಂದಿನ ಬಯೋಡೀಸೆಲ್ ಇದೇ.

ಹೊಗೆಯ ಲೆಕ್ಕ ಬಂದದ್ದು ಬಹಳ ತಡವಾಗಿ. ಬಯೋಡೀಸೆಲ್‌ನ ತೂಕದಲ್ಲಿ ಸುಮಾರು ಶೇಕಡಾ 11 ಆಮ್ಲಜನಕ. ಇಂಧನದೊಳಗೇ ಆಮ್ಲಜನಕವಿದ್ದರೆ ಇಂಗಾಲ ಪೂರ್ತಿಯಾಗಿ ಉರಿದು ಮಸಿ ಕಡಿಮೆಯಾಗುತ್ತದೆ. ಹಳೆಯ ಭಾರಿ ವಾಹನಗಳ ಇಂಜಿನ್ನುಗಳ ಪರೀಕ್ಷೆಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಒಟ್ಟುಗೂಡಿಸಿತು. ಸೋಯಾ ಬಯೋಡೀಸೆಲ್ ಶೇಕಡಾ 20 ಬೆರೆಸಿದಾಗ ಹೊಗೆಯ ಕಣಗಳು ಶೇಕಡಾ 10ರಷ್ಟು, ಕಾರ್ಬನ್ ಮಾನಾಕ್ಸೈಡ್ 11ರಷ್ಟು ಇಳಿದವು. ಆದರೆ ಸಾರಜನಕದ ಆಕ್ಸೈಡ್‌ಗಳು ಶೇಕಡಾ 2ರಷ್ಟು ಏರಿದವು. ಬಿಸಿಲಿನಲ್ಲಿ ನಗರದ ಗಾಳಿಯನ್ನು ಕೆಡಿಸುವ ಓಜೋನ್‌ಗೆ ಮೂಲ ಇವೇ.

ಮದ್ಯಸಾರದಲ್ಲಿ ಆಮ್ಲಜನಕ ಇನ್ನೂ ಹೆಚ್ಚು, ಸುಮಾರು ಶೇಕಡಾ 35. ಅದನ್ನು ನೇರವಾಗಿ ಡೀಸೆಲ್‌ಗೆ ಬೆರೆಸಿದರೂ ಮಸಿ ಇಳಿಯುತ್ತದೆ. ಆದರೆ ಒತ್ತಡದ ಬಿಸಿಗೆ ಅದು ಸುಲಭವಾಗಿ ಹೊತ್ತಿಕೊಳ್ಳದು. ನೀರು ಸೇರಿದರೆ ಡೀಸೆಲ್‌ನಿಂದ ಬೇರ್ಪಡುತ್ತದೆ. ಅದರ ಆವಿಯಿಂದ ಟ್ಯಾಂಕಿನಲ್ಲಿ ಬೆಂಕಿಯ ಅಪಾಯವೂ ಹೆಚ್ಚು.

ನಮ್ಮ ದೇಶದಲ್ಲಿ 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲು ಶೇಕಡಾ 5 ಬಯೋಡೀಸೆಲ್‌ನೊಂದಿಗೆ ಪರೀಕ್ಷಾರ್ಥ ಓಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ನಡೆಸಿ ಹೊಲಗಳಿಗೆ ನೀರೆತ್ತಿಸಿದರು. ನಮ್ಮ ಹಿರಿಯರ ಮನೆಯ ದೀಪಕ್ಕೆ ಎರೆದ ಎಣ್ಣೆಯೇ ಅದು.

2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಂದ ಭಾರತ್ ಸ್ಟೇಜ್ 6 ನಿಯಮ ಇನ್ನೊಂದು ದಾರಿ ಹಿಡಿಯಿತು: ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರಬಾರದು, ಹೊಗೆಯನ್ನು ಸೋಸಿಯೇ ಹೊರಬಿಡಬೇಕು. ಮಹಾನಗರದಲ್ಲಿ ನೆಲೆಸಿ, ಈ ಗಾಳಿಯಲ್ಲೇ ಮಕ್ಕಳನ್ನು ಬೆಳೆಸುತ್ತಿರುವ ನಾವು ಇವೆರಡನ್ನೂ ಕೂಡಿಸಿ ನೋಡಬೇಕು. ಹೊಂಗೆ ನಮ್ಮ ಹಿತ್ತಲ ಗಿಡ. ಅದು ಮದ್ದೇ ಅಲ್ಲವೆನ್ನುವುದೂ ಸರಿಯಲ್ಲ, ಸಕಲ ರೋಗಕ್ಕೂ ಅದೊಂದೇ ಮದ್ದೆನ್ನುವುದೂ ಸರಿಯಲ್ಲ.