ಬಹು ಡ್ರೋನ್ ಸಿಂಪರಣೆಯಲ್ಲಿ ನಿಸ್ತಂತು ಸಂಪರ್ಕ ಮತ್ತು ಮಾರ್ಗನಿರ್ಣಯ

ಅಡಿಕೆಯ ಕೊಳೆರೋಗ ಹತೋಟಿಗೆ ಮಳೆಗಾಲದಲ್ಲಿ ಮಳೆ ಬಿಡುವು ಕೊಟ್ಟ ಅಲ್ಪಾವಧಿಯಲ್ಲಿಯೇ ಸಿಂಪರಣೆ ಮುಗಿಸಬೇಕಾಗುತ್ತದೆ. ಮರವೇರುವ ಕುಶಲ ಕಾರ್ಮಿಕರ ಕೊರತೆಯಿಂದಾಗಿ ಬೆಳೆಗಾರರ ಗಮನ ಡ್ರೋನ್‌ಗಳತ್ತ ಹರಿದಿದೆ. ವಿಸ್ತಾರವಾದ ತೋಟದಲ್ಲಿ ಎರಡು ಮೂರು ಡ್ರೋನ್‌ಗಳು ಏಕಕಾಲದಲ್ಲಿ ಹಾರುವಾಗ ಅವುಗಳ ನಡುವಿನ ಸಂಪರ್ಕವೇ ಸುರಕ್ಷತೆಗೆ ಆಧಾರ. ಸಂಪರ್ಕ ಕಡಿದರೆ ಡ್ರೋನ್ ಮರಕ್ಕೆ ಬಡಿಯಬಹುದು. ಔಷಧಿಯು ನೆರೆಯ ಹೊಲ, ಜೇನುಪೆಟ್ಟಿಗೆ ಅಥವಾ ಕುಡಿಯುವ ನೀರಿನ ಮೂಲದ ಮೇಲೆ ಬೀಳಬಹುದು.

ಸಂಕೇತ ಕ್ಷೀಣಿಸಲು ಕಾರಣಗಳು

ಕೃಷಿ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ 2.4 ಮತ್ತು 5.8 ಗಿಗಾಹರ್ಟ್ಸ್ ಆವರ್ತನಗಳು ಬಳಕೆಯಲ್ಲಿವೆ. ತೆರೆದ ಬಯಲಿನಲ್ಲಿಯೂ ಅಂತರ ಎರಡು ಪಟ್ಟಾದರೆ ತಲುಪುವ ಶಕ್ತಿಯು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒದ್ದೆಯಾದ ಸೋಗೆಗಳು ಸಂಕೇತವನ್ನು ಮತ್ತಷ್ಟು ಹೀರಿಕೊಳ್ಳುತ್ತವೆ. ಎರಡು ಆಂಟೆನಾಗಳ ನಡುವಿನ ನೇರ ರೇಖೆಯ ಸುತ್ತಲಿನ ಜಾಗವೂ ಬಹುಮಟ್ಟಿಗೆ ತೆರವಾಗಿರಬೇಕು. ಇದಕ್ಕೆ ಫ್ರೆನೆಲ್ ವಲಯವೆಂದು ಹೆಸರು. 2.4 ಗಿಗಾಹರ್ಟ್ಸ್‌ನಲ್ಲಿ 1 ಕಿ.ಮೀ. ಅಂತರಕ್ಕೆ ಮಧ್ಯಭಾಗದಲ್ಲಿ ಈ ವಲಯದ ತ್ರಿಜ್ಯ ಸುಮಾರು 5.6 ಮೀಟರ್. ಆದ್ದರಿಂದ ಮರಗಳ ಕೆಳಗೆ ನಿಂತು ಮೇಲಿನ ಡ್ರೋನನ್ನು ನಿಯಂತ್ರಿಸುವುದು ಅಪಾಯಕರ.

ಜಾಲದ ರಚನೆ

1. ನಕ್ಷತ್ರ ಮಾದರಿ: ಪ್ರತಿ ಡ್ರೋನ್ ನೇರವಾಗಿ ನೆಲದ ನಿಯಂತ್ರಣ ಕೇಂದ್ರದೊಡನೆ ಸಂಪರ್ಕದಲ್ಲಿರುತ್ತದೆ. ಸರಳ ವ್ಯವಸ್ಥೆ, ಆದರೆ ಅಡ್ಡಿ ಬಂದರೆ ಬದಲಿ ದಾರಿಯಿಲ್ಲ.
2. ಬಲೆ ಮಾದರಿ: ಒಂದು ಡ್ರೋನ್ ಮತ್ತೊಂದರ ಸಂದೇಶವನ್ನು ದಾಟಿಸುತ್ತದೆ. ದಿಬ್ಬದ ಮರೆಯಲ್ಲಿರುವ ಡ್ರೋನಿಗೆ ಎತ್ತರದಲ್ಲಿರುವ ಡ್ರೋನ್ ಸೇತುವೆಯಾಗುತ್ತದೆ. ಒಂದೇ ಚಾನೆಲ್‌ನಲ್ಲಿ ಹೀಗೆ ಒಮ್ಮೆ ದಾಟಿಸಿದಾಗ ದತ್ತಾಂಶದ ವೇಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮಾರ್ಗನಿರ್ಣಯದ ವಿಧಾನಗಳು

ಸೇತುವೆಯಾಗಿದ್ದ ಡ್ರೋನ್ ಔಷಧಿ ತುಂಬಿಸಿಕೊಳ್ಳಲು ಅಥವಾ ಬ್ಯಾಟರಿ ಬದಲಿಸಲು ಕೆಳಗಿಳಿದಾಗ ಹಳೆಯ ದಾರಿ ಕಡಿಯುತ್ತದೆ. ಹೊಸ ದಾರಿಯನ್ನು ಜಾಲವೇ ಕಂಡುಕೊಳ್ಳಬೇಕು.

• ಮುಂಚಿತ ವಿಧಾನ (ಉದಾ: ಒ.ಎಲ್.ಎಸ್.ಆರ್.): ಎಲ್ಲ ದಾರಿಗಳ ಪಟ್ಟಿಯನ್ನು ಸದಾ ಸಿದ್ಧವಾಗಿರಿಸುತ್ತದೆ. ವಿಳಂಬ ಕಡಿಮೆ, ಆದರೆ ಪಟ್ಟಿಯ ನವೀಕರಣಕ್ಕೇ ಜಾಲದ ಒಂದು ಪಾಲು ವ್ಯಯವಾಗುತ್ತದೆ.
• ಬೇಡಿಕೆ ವಿಧಾನ (ಉದಾ: ಎ.ಒ.ಡಿ.ವಿ.): ಸಂದೇಶ ಕಳುಹಿಸಬೇಕಾದಾಗ ಮಾತ್ರ ದಾರಿ ಹುಡುಕುತ್ತದೆ. ಹೊರೆ ಕಡಿಮೆ, ಆರಂಭದಲ್ಲಿ ವಿಳಂಬವಾಗುತ್ತದೆ.
• ಸ್ಥಾನಾಧಾರಿತ ವಿಧಾನ: ಜಿ.ಪಿ.ಎಸ್. ನೆರವಿನಿಂದ, ಗುರಿಗೆ ಹೆಚ್ಚು ಸಮೀಪವಿರುವ ನೆರೆಯ ಡ್ರೋನಿಗೆ ಸಂದೇಶವನ್ನು ಒಪ್ಪಿಸುತ್ತದೆ.

ಎರಡು ಮೂರು ಡ್ರೋನ್‌ಗಳ ಚಿಕ್ಕ ಗುಂಪಿನಲ್ಲಿ ಪಟ್ಟಿ ಚಿಕ್ಕದಾಗಿರುವುದರಿಂದ ಮುಂಚಿತ ವಿಧಾನದ ಹೊರೆ ಅಲ್ಪ. ಯಾವ ವಿಧಾನವಾದರೂ ನಿಯಂತ್ರಣ ಆಜ್ಞೆಗಳಿಗೆ ಮೊದಲ ಆದ್ಯತೆ, ವಿಡಿಯೋಗೆ ಕೊನೆಯ ಆದ್ಯತೆ ಇರಬೇಕು.

ಅನುಸರಿಸಬೇಕಾದ ಕ್ರಮಗಳು

• ಖರೀದಿ ಅಥವಾ ಬಾಡಿಗೆಗೆ ಮುನ್ನ ಡ್ರೋನ್‌ಗಳಲ್ಲಿ ಪರಸ್ಪರ ಸಂಪರ್ಕದ ಸೌಲಭ್ಯವಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಎಲ್ಲ ಮಾದರಿಗಳಲ್ಲಿ ಇದು ಇರುವುದಿಲ್ಲ.
• ನಿಯಂತ್ರಣ ಕೇಂದ್ರವನ್ನು ತೋಟದ ಎತ್ತರದ, ತೆರೆದ ಜಾಗದಲ್ಲಿರಿಸಿ.
• ಸಂಪರ್ಕ ಕಡಿದಾಗ ಸಿಂಪರಣೆ ತಾನಾಗಿಯೇ ನಿಲ್ಲುವಂತೆ ಹೊಂದಿಸಿ. ಖಾಲಿ ನೀರು ತುಂಬಿ ಪರೀಕ್ಷಿಸಿ.
• ಮರಳಿ ಬರುವ ಎತ್ತರವು ಅತಿ ಎತ್ತರದ ಮರಕ್ಕಿಂತ ಹೆಚ್ಚಿರಲಿ. ಪ್ರತಿ ಡ್ರೋನಿಗೂ ಬೇರೆ ಬೇರೆ ಎತ್ತರ ಹಾಗೂ ಇಳಿಯುವ ಸ್ಥಳ ನಿಗದಿಪಡಿಸಿ. ಇಲ್ಲವಾದರೆ ಸಂಪರ್ಕ ಒಮ್ಮೆಲೇ ಕಡಿದಾಗ ಅವು ಒಂದಕ್ಕೊಂದು ಡಿಕ್ಕಿ ಹೊಡೆಯಬಹುದು.
• ಸೇತುವೆಯಾಗಿರುವ ಡ್ರೋನ್ ಇಳಿಯುವ ಮುನ್ನ ಅದರ ಮೂಲಕ ಸಂಪರ್ಕ ಪಡೆಯುತ್ತಿರುವ ಡ್ರೋನನ್ನು ಹಿಂದಕ್ಕೆ ಕರೆಸಿಕೊಳ್ಳಿ.

ನಿಯಮಗಳು

2021ರ ಡ್ರೋನ್ ನಿಯಮಗಳಂತೆ ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಾಟಕ್ಕೆ ಪೂರ್ವಾನುಮತಿ ಬೇಕಿಲ್ಲ. ಸಿಂಪರಣಾ ಡ್ರೋನ್ ನಡೆಸುವವರು ರಿಮೋಟ್ ಪೈಲಟ್ ಪ್ರಮಾಣಪತ್ರ ಹೊಂದಿರಬೇಕು. ಬಲೆ ಜಾಲವು ದೂರದ ಸಂಪರ್ಕ ಒದಗಿಸಿದರೂ ಡ್ರೋನ್ ಪೈಲಟ್‌ನ ಕಣ್ಣಳತೆಯಲ್ಲಿಯೇ ಇರಲಿ.