ಎಲೆಯ ವರ್ಣದ್ರವ್ಯಗಳು ಮತ್ತು ದ್ಯುತಿಸಂಶ್ಲೇಷಣೆ: ಶಾಲಾ ಪ್ರಯೋಗ

ಹಸಿರು ಎಲೆಗಳೇ ಗಿಡಕ್ಕೆ ಆಹಾರ ತಯಾರಿಸುತ್ತವೆ ಎಂದು ಕಲಿತ ವಿದ್ಯಾರ್ಥಿಗೆ ಕೆಂಪು ಹರಿವೆ ಒಂದು ನಿಜವಾದ ಸವಾಲು. ಈ ಗಿಡದ ಎಲೆಯನ್ನು ಕೆಲವು ನಿಮಿಷ ನೀರಿನಲ್ಲಿ ಕುದಿಸಿದರೆ ನೀರು ಕೆಂಪಾಗುತ್ತದೆ, ಎಲೆ ಹಸಿರಾಗಿ ಹೊರಬರುತ್ತದೆ. ಕೆಂಪು ಬಣ್ಣ ಬೀಟಲೇನ್ ಎಂಬ ವರ್ಣದ್ರವ್ಯದ್ದು. ಜೀವಕೋಶದ ರಸದಾನಿಯಲ್ಲಿರುವ ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಪತ್ರಹರಿತ್ತು ಹಾಗಲ್ಲ, ಕ್ಲೋರೋಪ್ಲಾಸ್ಟಿನ ಪೊರೆಗಳಲ್ಲಿ ನೆಲೆಸಿರುವ ಅದನ್ನು ಬಿಡಿಸಲು ಆಲ್ಕೋಹಾಲ್ ಅಥವಾ ಅಸಿಟೋನ್ ಬೇಕು. ಆದ್ದರಿಂದ ಎಲೆಯ ಹೊರಬಣ್ಣ ನೋಡಿ ಅದರ ಕೆಲಸವನ್ನು ತೀರ್ಮಾನಿಸಲಾಗದು.

ವರ್ಣದ್ರವ್ಯಗಳನ್ನು ಬೇರ್ಪಡಿಸಲು ಶಾಲೆಗಳಲ್ಲಿ ಕಾಗದದ ಕ್ರೊಮ್ಯಾಟೋಗ್ರಫಿ ಮಾಡಿಸುತ್ತಾರೆ. ಈ ವಿಧಾನದ ಮೂಲ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಅವರದು. ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ಬಣ್ಣಗಳನ್ನು ಬಿಡಿಸಿದ ಅವರು 1906ರಲ್ಲಿ ಅದಕ್ಕೆ ಹೆಸರನ್ನೂ ಕೊಟ್ಟರು. ಅರೆದ ಪಾಲಕ್ ಸೊಪ್ಪಿನ ರಸವನ್ನು ಸೋಸುಕಾಗದದ ಬುಡದಲ್ಲಿ ಚುಕ್ಕೆಯಾಗಿ ಇಟ್ಟು, ಪೆಟ್ರೋಲಿಯಂ ಈಥರ್‌ಗೆ ಸ್ವಲ್ಪ ಅಸಿಟೋನ್ ಬೆರೆಸಿದ ದ್ರಾವಕದಲ್ಲಿ ಕಾಗದದ ತುದಿಯನ್ನಷ್ಟೇ ಅದ್ದಿದರೆ, ಒಂದೇ ಹಸಿರೆಂದು ತೋರಿದ್ದು ನಾಲ್ಕು ಪಟ್ಟಿಗಳಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮೇಲೆ ಕಿತ್ತಳೆ ಛಾಯೆಯ ಕ್ಯಾರೊಟೀನ್, ಅದರ ಕೆಳಗೆ ಹಳದಿ ಜಾಂತೊಫಿಲ್, ನಂತರ ನೀಲಿಹಸಿರು ಪತ್ರಹರಿತ್ತು-ಎ, ಕೊನೆಗೆ ಹಳದಿಹಸಿರು ಪತ್ರಹರಿತ್ತು-ಬಿ. ಇಂಗಾಲ, ಜಲಜನಕ ಬಿಟ್ಟು ಬೇರೇನೂ ಇಲ್ಲದ ಕ್ಯಾರೊಟೀನ್ ಕಾಗದವನ್ನು ಹಿಡಿದುಕೊಳ್ಳದೆ ದ್ರಾವಕದೊಂದಿಗೆ ಓಡುತ್ತದೆ. ಆಮ್ಲಜನಕವುಳ್ಳ ಗುಂಪುಗಳಿರುವ ಉಳಿದವು ಹಿಂದುಳಿಯುತ್ತವೆ. ನೋಡಲು ಬಹಳ ಚೆಂದದ ಫಲಿತಾಂಶವಿದು. ಆದರೆ ಎಲೆಯಲ್ಲಿ ಏನೇನಿದೆ ಎಂಬುದನ್ನಷ್ಟೇ ಕಾಗದ ಹೇಳುತ್ತದೆ. ಯಾವುದು ಏನು ಮಾಡುತ್ತದೆ ಎಂದು ಹೇಳುವುದಿಲ್ಲ.

ಅದಕ್ಕಾಗಿ ಹಳದಿ ಮಚ್ಚೆಗಳ ಕ್ರೋಟನ್ ಎಲೆಯ ಪಿಷ್ಟಪರೀಕ್ಷೆಯನ್ನು ಜೊತೆಗೇ ಮಾಡಬೇಕು. ಗಿಡವನ್ನು ಒಂದೆರಡು ದಿನ ಕತ್ತಲಲ್ಲಿಟ್ಟು ಪಿಷ್ಟ ಕಳೆದ ಮೇಲೆ ಬಿಸಿಲಿಗಿಡಬೇಕು. ನಂತರ ಕಿತ್ತ ಎಲೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಆಲ್ಕೋಹಾಲ್‌ನಲ್ಲಿ ಬಿಳುಪಾಗಿಸಿ (ನೇರ ಉರಿಯ ಮೇಲೆ ಇಡಲೇಬಾರದು) ಅಯೋಡಿನ್ ಹಾಕಿದರೆ, ಹಸಿರಿದ್ದ ಜಾಗವಷ್ಟೇ ಕಡುನೀಲಿಯಾಗುತ್ತದೆ. ಕ್ಯಾರೊಟೀನ್ ವರ್ಗದ ಬಣ್ಣಗಳಿದ್ದೂ ಹಳದಿ ಭಾಗ ಪಿಷ್ಟ ಮಾಡಲಿಲ್ಲ. ಪಿಷ್ಟವಿಲ್ಲವೆಂದ ಮಾತ್ರಕ್ಕೆ ದ್ಯುತಿಸಂಶ್ಲೇಷಣೆ ಇಲ್ಲವೆನ್ನಬಹುದೇ ಎಂಬ ಆಕ್ಷೇಪ ಸರಿಯಾದದ್ದೇ: ಈರುಳ್ಳಿ ಎಲೆ ಸಕ್ಕರೆ ತಯಾರಿಸಿದರೂ ಪಿಷ್ಟವಾಗಿ ಕೂಡಿಡುವುದಿಲ್ಲ. ಆದ್ದರಿಂದ ಹೋಲಿಕೆ ಒಂದೇ ಎಲೆಯ ಭಾಗಗಳ ನಡುವೆ ಮಾತ್ರ ಸಲ್ಲುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹಳದಿ ಭಾಗದಲ್ಲಿ ಕ್ಲೋರೋಪ್ಲಾಸ್ಟ್‌ಗಳೇ ಸರಿಯಾಗಿ ಬೆಳೆದಿರದಿದ್ದರೆ, ಕೊರತೆ ಪತ್ರಹರಿತ್ತಿನದೊಂದೇ ಎಂದು ಹೇಳುವುದು ಹೇಗೆ? ಇದಕ್ಕೆ ಉತ್ತರ ಕ್ರೋಟನ್‌ನಲ್ಲಿ ಸಿಗದು. 1882ರಲ್ಲಿ ಜರ್ಮನಿಯ ಥಿಯೊಡೋರ್ ಎಂಗೆಲ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ ಸಿಗುತ್ತದೆ. ಆರೋಗ್ಯವಂತ ಹಸಿರು ಪಾಚಿಯ ಎಳೆಯ ಮೇಲೆ ಪಟ್ಟಕದಿಂದ ಬಿಡಿಸಿದ ಬೆಳಕು ಬಿಟ್ಟಾಗ, ಆಮ್ಲಜನಕ ಅರಸುವ ಬ್ಯಾಕ್ಟೀರಿಯಾಗಳು ಕೆಂಪು ಮತ್ತು ನೀಲಿ ಬೆಳಕು ಬಿದ್ದಲ್ಲಿ ಕಿಕ್ಕಿರಿದವು. ಅಲ್ಲಿ ಬದಲಾದದ್ದು ಬೆಳಕಿನ ಬಣ್ಣ ಮಾತ್ರ. ಕ್ಯಾರೊಟೀನ್ ಮತ್ತು ಜಾಂತೊಫಿಲ್ ಕೆಂಪು ಬೆಳಕನ್ನು ಹೀರುವುದೇ ಇಲ್ಲ, ಪತ್ರಹರಿತ್ತು ಹೀರುತ್ತದೆ. ಹಾಗಾಗಿ ಕೆಂಪಿನಲ್ಲಿ ಹೊಮ್ಮಿದ ಆಮ್ಲಜನಕಕ್ಕೆ ಪತ್ರಹರಿತ್ತೇ ಕಾರಣ. ನೀಲಿಯಲ್ಲಿ ಎರಡೂ ಬಗೆಯವು ಬೆಳಕು ಹಿಡಿಯುತ್ತವೆ, ಹಳದಿ ವರ್ಣದ್ರವ್ಯಗಳು ತಾವು ಹಿಡಿದುದರಲ್ಲಿ ಒಂದು ಪಾಲನ್ನು ಪತ್ರಹರಿತ್ತಿಗೆ ದಾಟಿಸುತ್ತವೆ.