ಬೆನ್ನುನೋವಿನ ಬೆರಕೆ ಮಾತ್ರೆಗಳು: ಪರೀಕ್ಷೆ ನಡೆದ ದಾರಿ

ಸ್ನಾಯು ಸೆಡೆತವನ್ನು ಸಡಿಲಿಸುವ ಕ್ಲೋರ್‌ಜೋಕ್ಸಜೋನ್ 1950ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಇದು ಕೆಲಸ ಮಾಡುವುದು ಮುಖ್ಯವಾಗಿ ಬೆನ್ನುಹುರಿಯ ನರಗಳ ಮೇಲೆ. ಅಪರೂಪಕ್ಕೆ ಯಕೃತ್ತಿಗೆ ತೀವ್ರ ಹಾನಿ ಮಾಡುವುದೂ ಉಂಟು. ಭಾರತದಲ್ಲಿ ಇದನ್ನು ಡೈಕ್ಲೊಫೆನ್ಯಾಕ್, ಪ್ಯಾರಾಸಿಟಮಾಲ್‌ಗಳೊಡನೆ ಒಂದೇ ಮಾತ್ರೆಯಾಗಿ ಬೆರೆಸಿ ಮಾರುವುದು ವಾಡಿಕೆಯಾಯಿತು. ಮಿತಿಮೀರಿದರೆ ಪ್ಯಾರಾಸಿಟಮಾಲ್ ಕೂಡ ಯಕೃತ್ತಿಗೆ ಅಪಾಯಕಾರಿ. ನಡು ಬಗ್ಗಿಸಿ ನಾಟಿ ಮಾಡುವ ಕೊಪ್ಪಳ ಜಿಲ್ಲೆಯ ಗಂಗಾವತಿಯ ಭತ್ತದ ಸೀಮೆಯಂಥ ಕಡೆ ನೋವಿನ ಮಾತ್ರೆಯ ಸುರಕ್ಷತೆ ಸಣ್ಣ ವಿಷಯವಲ್ಲ.

ಕರ್ನಾಟಕ ಸರ್ಕಾರದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಗಳಲ್ಲಿವೆ. ಲೇಬಲ್‌ನಲ್ಲಿ ನಮೂದಿಸಿದ ಔಷಧ ಅಷ್ಟೇ ಪ್ರಮಾಣದಲ್ಲಿದೆಯೇ, ಅದರ ಗುಣಮಟ್ಟ ಸರಿಯಿದೆಯೇ ಎಂಬುದನ್ನು ಇವು ನೋಡುತ್ತವೆ. ಬೆರಕೆಯಿಂದ ದೇಹಕ್ಕಾಗುವ ವಿಷಪರಿಣಾಮವನ್ನು ಅಳೆಯುವುದು ಇವುಗಳ ಕೆಲಸವಲ್ಲ. ಅದಕ್ಕೆ ಪ್ರಾಣಿಗಳ ಮೇಲೂ ಮನುಷ್ಯರ ಮೇಲೂ ಬೇರೆಯದೇ ಅಧ್ಯಯನ ನಡೆಯಬೇಕು. ಅದನ್ನು ಒದಗಿಸುವ ಹೊಣೆ ತಯಾರಕರದು.

ಆದರೆ ಕೇಂದ್ರದ ಒಪ್ಪಿಗೆಯಿಲ್ಲದೆ, ರಾಜ್ಯಗಳ ಪರವಾನಗಿಯಷ್ಟರಿಂದಲೇ ಸಾವಿರಾರು ಬೆರಕೆ ಔಷಧಗಳು ಅಂಗಡಿ ಸೇರಿದ್ದವು. 2012ರಲ್ಲಿ ಸಂಸದೀಯ ಸಮಿತಿ ಇದನ್ನು ಟೀಕಿಸಿತು. ಮರುವರ್ಷ ಇವುಗಳ ಸುರಕ್ಷತೆ ಮತ್ತು ಪರಿಣಾಮವನ್ನು ಸಾಬೀತುಪಡಿಸುವಂತೆ ತಯಾರಕರಿಗೆ ಸೂಚನೆ ಹೋಯಿತು. ಸಲ್ಲಿಕೆಯಾದ ದಾಖಲೆಗಳನ್ನು ತೂಗಿ ನೋಡಲು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ತಜ್ಞರ ಸಮಿತಿ ನೇಮಿಸಿತು. ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಅಂದಿನ ಕುಲಪತಿ, ಔಷಧ ವಿಜ್ಞಾನಿ ಚಂದ್ರಕಾಂತ ಕೊಕಾಟೆ ಅದರ ಅಧ್ಯಕ್ಷರು.

ಸಮಿತಿಯ ವರದಿಯಂತೆ 2016ರ ಮಾರ್ಚ್ 10ರಂದು 344 ಬೆರಕೆಗಳು ನಿಷೇಧಗೊಂಡವು. ಡೈಕ್ಲೊಫೆನ್ಯಾಕ್, ಟ್ರಾಮಡಾಲ್, ಕ್ಲೋರ್‌ಜೋಕ್ಸಜೋನ್ ಸೇರಿದ ಮಾತ್ರೆ ಅವುಗಳಲ್ಲೊಂದು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿತು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ಔಷಧ ತಾಂತ್ರಿಕ ಸಲಹಾ ಮಂಡಳಿಗೆ ಒಪ್ಪಿಸಿತು. 1988ಕ್ಕಿಂತ ಮೊದಲೇ ತಯಾರಾಗುತ್ತಿದ್ದ 15 ಬೆರಕೆಗಳನ್ನು ಈ ಪರಿಶೀಲನೆಯಿಂದ ಹೊರಗಿರಿಸಿತು. ಮಂಡಳಿಯ ಶಿಫಾರಸಿನ ಮೇಲೆ 2018ರ ಸೆಪ್ಟೆಂಬರ್ 7ರಂದು 328 ಬೆರಕೆಗಳ ತಯಾರಿಕೆ, ಮಾರಾಟ, ವಿತರಣೆಗಳನ್ನು ಮತ್ತೆ ನಿಷೇಧಿಸಲಾಯಿತು. ಪಟ್ಟಿಗೆ ಸೇರಿದ್ದು ನಿರ್ದಿಷ್ಟ ಬೆರಕೆಗಳು ಮಾತ್ರ. ಕ್ಲೋರ್‌ಜೋಕ್ಸಜೋನ್ ಎಂಬ ಔಷಧಕ್ಕೇ ಈ ಆದೇಶದಲ್ಲಿ ತಡೆಯಿರಲಿಲ್ಲ.